ರ ಅಕ್ಷರದ ಹೊಟ್ಟೆ

ತಗಡಿನಾಗ ರ ಕೊರೆದರ
ಅದರ ಹೊಟ್ಟಿ ಕಳಚಿ ಕೆಳಗ ಬೀಳ್ತದ.
ನಡುವ ಒಂದೀಟು ತಗಡು ಬಿಡಬೇಕು,
ಕೂಸಿಗೆ ಹೊಕ್ಕಳಬಳ್ಳಿ ಬಿಟ್ಟಂಗ.
ಅಪ್ಪ ಕಲಿಸಿದ್ದು ಇಷ್ಟೇ.
ಮೂವತ್ತು ವರ್ಷ ಗಂಜಿನ ದಾಲ್ ಮಿಲ್ಲಿನಾಗ
ಚೀಲದ ಮ್ಯಾಲ ತಗಡು ಇಟ್ಟು, ಕರೀ ಬಣ್ಣ ಒರಸಿ
‘ತೊಗರಿ ಬೇಳೆ’ ಅಂತ ಎಬ್ಬಿಸಿದಂವ.
ಅಂವ ಬರೆದದ್ದು ಸೊಲ್ಲಾಪುರ ದಾಟಿ
ಮುಂಬೈತನಕ ಹೋಗ್ತಿತ್ತು.
ಬರದಂವ ಯಾರಂತ
ಒಬ್ಬರೂ ಕೇಳಲಿಲ್ಲ.

ನನ್ನ ಸ್ಟೆನ್ಸಿಲ್ಲಿಗೆ ತಗಡು ಬೇಕಿಲ್ಲ.
ದವಾಖಾನಿ ಹಿಂದಿನ ರದ್ದಿ ಅಂಗಡಿಯಾಗ
ಹಳೇ ಎಕ್ಸ್‌-ರೇ ಕಿಲೋ ಲೆಕ್ಕಕ್ಕ ಸಿಗ್ತಾವ.
ಯಾರದೋ ಪಕ್ಕೆಲುಬು, ಯಾರದೋ ಸವೆದ ಮೊಳಕಾಲು.
ಮೊದಲ ಬಲ್ಬಿಗೆ ಹಿಡಿದು ನೋಡ್ತೀನಿ,
ಆಮ್ಯಾಲ ಬ್ಲೇಡು.

ಲೈ ಕುದಿಸೋದು ಚಂದಾಸಾಬ ಕಲಿಸಿದ.
ಟಾಕೀಜಿಗೆ ಪೋಸ್ಟರ್ ಹಚ್ಚಿ ಹಚ್ಚಿ ಮುದುಕಾದಂವ.
ಟಾಕೀಜು ಈಗ ಮದುವಿ ಹಾಲ್,
ಅವನ ಉಗುರಸಂದಿ ಇನ್ನೂ ಬೆಳ್ಳಗ ಅದ.
‘ಮೈದಾ ಒಂದು ಪಾಲು, ನೀರು ಐದು,
ಗಂಟಾಗದಂಗ ತಿರುವು,
ಮೈಲುತುತ್ತ ಚಿಟಿಕಿ ಹಾಕು ಬೇಟಾ,
ಇಲ್ಲಂದ್ರ ಹೀರೋಯಿನ್ನಿನ ಗಲ್ಲ ಆಡಿನ ಪಾಲು.’
ನಾ ಹಾಕಲಿಲ್ಲ.
ನಮ್ಮ ಓಣಿಯಾಗ ಮಂದಿಗಿಂತ ಆಡು ಜಾಸ್ತಿ,
ಒಂದು ಸತ್ತರ ಯಾರಿಗೆ ಏನು ಹೇಳಲಿ?

ಗುರುಬಾಯಿ ಅದೇ ಮಿಲ್ಲಿನಾಗ ಬ್ಯಾಳಿ ಹಸನ ಮಾಡತಿದ್ದಳು.
ಹೋದ ವರ್ಷ ಬಣ್ಣ ನೋಡೋ ಮಷೀನು ಬಂತು.
ಅದಕ್ಕ ಕ್ಯಾಮೆರಾದ ಕಣ್ಣು;
ಕರೀ ಕಾಳು ಕಂಡರ ಫುಸ್ ಅಂತ
ಗಾಳಿ ಊದಿ ಹಾರಸ್ತದ.
ಹದಿನಾಲ್ಕು ಮಂದಿ ಹೆಣಮಕ್ಕಳು
ತಮ್ಮ ತಮ್ಮ ಮರ ತಗೊಂಡು ಮನಿಗೆ ನಡದರು.
ಮರ ಮಿಲ್ಲಿಂದೋ ತಮ್ಮದೋ ಅಂತ
ಗೇಟಿನಾಗ ಜಗಳಾತು. ಅದೊಂದು ಸುದ್ದಿ ಓಣಿಗೆ ಬಂತು.

ಏಪ್ರಿಲ್ ತಿಂಗಳ ರಾತ್ರಿ, ಒಂದು ಗಂಟಿ.
ಶಹಾಬಾದ ಕಲ್ಲಿನ ಗ್ವಾಡಿ ಆಗಲೂ ಹಂಚಿನಂಗ ಬಿಸಿ,
ಬ್ರಶ್ಶು ಎಳಿಯೋದರೊಳಗ ಲೈ ಒಣಗ್ತದ.
ತೌಫೀಕ ಮೊಬೈಲ್ ದೀಪ ಹಿಡಿದು ಅಂದ:
‘ಇನ್ನೂ ಮ್ಯಾಲ ಹಚ್ಚೋ,
ಲೀಡರಗೋಳ ಬ್ಯಾನರಿನ ಸಮ.’
ಬ್ಯಾಡ ಅಂದೆ.
ಮಿಲ್ಲಿನಾಗ ಆಕಿ ಖುರ್ಚಿ ಕಂಡಾಕಿ ಅಲ್ಲ.
ನೆಲದ ಮ್ಯಾಲ ಕುಂತ ಎತ್ತರಕ್ಕೇ ಹಚ್ಚಿದೆ:
ಮಡಚಿದ ಮೊಳಕಾಲು, ತೊಡಿ ಮ್ಯಾಲ ಮರ,
ದೊಡ್ಡ ಕಣ್ಣು. ಕೆಳಗ ಹೆಸರು.

ಮುಂಜಾನಿ ಒಬ್ಬಂವ ದಿನದ ರೂಢಿಗೆ ಬಂದ,
ಗ್ವಾಡಿಗೆ ಮಾರಿ ಮಾಡಿ ನಿಂತ,
ಕೆಳಗ ನೋಡಿದ,
ಕೆಮ್ಮಿ, ಮುಂದಿನ ಗ್ವಾಡಿಗೆ ಹೋದ.
ಇಷ್ಟು ನನ್ನ ಸಾಧನೆ.

ಹಮಾಲರು ಆಕಿ ಬಾಜೂಕ ಕುಂತು ಬೀಡಿ ಸೇದಿದರು.
ಮೂರನೇ ದಿನ ಆಡು ಮರ ತಿಂತು,
ನಾಕನೇ ದಿನ ಬಲಗಡೆ ತೊಡಿ.
ಅಪ್ಪ ಹಾಲಿನ ಚೀಲ ಹಿಡಕೊಂಡು ಬಂದು
ಚಿತ್ರ ನೋಡಲಿಲ್ಲ, ಬಗ್ಗಿ ಹೆಸರು ನೋಡಿದ.
ರು ಅಕ್ಷರದ ಮ್ಯಾಲ ಹೆಬ್ಬೆರಳು ಆಡಿಸಿ,
‘ನಡುವಿಂದು ಭಾಳ ದಪ್ಪಾಗ್ಯಾದ’ ಅಂದು
ಮನಿ ಕಡಿ ನಡದ.

ಆಕಿ ಬಂದದ್ದು ಎಂಟು ದಿನದ ಮ್ಯಾಲ.
ಅರ್ಧ ಉಳಿದ ತನ್ನ ಎದುರು
ಸೆರಗು ಸೊಂಟಕ್ಕ ಸಿಗಿಸಿ ನಿಂತು
ಸಂತಿಯಾಗ ಬದನಿಕಾಯಿ ನೋಡಿದಂಗ ನೋಡಿದಳು.
‘ಕಣ್ಣು ಯಾಕ ಇಷ್ಟು ದೊಡ್ಡದು ತೆಗದಿಯೋ?
ಹರಳು ಹುಡಕೋವಾಗ ಕಣ್ಣು ನೋಡಂಗಿಲ್ಲ.
ಬೆರಳು ನೋಡ್ತಾವ.
ನಾವು ಮಾತಾಡಕೋತ ಇರತಿದ್ದೆವು,
ಯಾರ ಸೊಸಿ, ಯಾರ ಬಾಣಂತನ,
ಬೆರಳು ತಮ್ಮ ಪಾಡಿಗೆ ತಾವು.’
ಉಗುರಿಲೆ ಕಾಗದದ ತುದಿ ಎಬ್ಬಿಸಿ ನೋಡಿದಳು.
‘ಅಂಟು ಛಲೋ ಅದ’ ಅಂದಳು.

ರದ್ದಿ ಅಂಗಡಿಯಾಗ ಈಗ
ಬರೇ ಮುಂಗೈ ಆರಸಲತ್ತೀನಿ.
ಎದಿ ಒಂದು ಕಡಿ, ಮೊಳಕಾಲು ಒಂದು ಕಡಿ,
ಕೈ ನನ್ನ ತೊಡಿ ಮ್ಯಾಲ.
ಅಂಗಡಿಯಂವ ನಗತಾನ, ‘ಏನು ಹಸನ ಮಾಡ್ತಿಯಪಾ?’
ಒಂದರಾಗ ಎಲುಬಿನ ಸುತ್ತ ಉಂಗುರ ಹಂಗೇ ಅದ,
ಬೆಳ್ಳಗ, ಗುಂಡಗ,
ತೆಗೀರಿ ಅಂದರೂ ತೆಗಿದೇ ಇದ್ದಾಕಿದು ಇರಬೇಕು.
ಅದಕ್ಕ ಬ್ಲೇಡು ಹಚ್ಚಿಲ್ಲ.
ಕಿಡಕ್ಯಾಗ ಸಿಗಿಸೀನಿ.
ಮಧ್ಯಾಹ್ನ ಬಿಸಿಲು ಬಂದಾಗ
ಕೈಯೊಂದು ನೆಲದ ಮ್ಯಾಲ ಬೀಳ್ತದ.